ಬರಿಗಾಲಲ್ಲಿ ಓದಿದ ಕಾಗದ

ವಿಜಯಪುರದ ಅಥಣಿ ರಸ್ತೆಯಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಒಬ್ಬ ಎಳೆಯ ಡಾಕ್ಟರ್ ಪಾದಕ್ಕೆಂದೇ ದವಾಖಾನೆ ತೆರೆದಿದ್ದಾನೆ. ಹಲ್ಲಿಗೆ ಒಬ್ಬರು, ಕಣ್ಣಿಗೆ ಒಬ್ಬರು ಇದ್ದ ಹಾಗೆ ಈಗ ಪಾದಕ್ಕೂ ಒಬ್ಬರು. ಹಿಮ್ಮಡಿ ನೋವೆಂದು ಹೋದ ತಿಂಗಳು ನಾನೂ ಹೋಗಿದ್ದೆ. ಒಳ್ಳೆಯ ಹುಡುಗ. ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಅಂಗಾಲಿನ ಪಟ್ಟಿ ಬಿಗಿದಿದೆ ಎಂದ, ಗೋಡೆ ಹಿಡಿದು ಮಾಡುವ ಒಂದು ವ್ಯಾಯಾಮ ತೋರಿಸಿಕೊಟ್ಟ. ಕೊನೆಗೆ, "ಬರಿಗಾಲಲೆ ಒಂದ ಹೆಜ್ಜಿನೂ ಇಡಬ್ಯಾಡ್ರಿ ಅಮ್ಮಾ, ಮನಿಯೊಳಗೂ ಚಪ್ಪಲಿ ಹಾಕ್ಕೋರಿ" ಎಂದ. ಅಷ್ಟಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಬಂದೆ. ಅವನ ತಪ್ಪು ಎಳ್ಳಷ್ಟೂ ಇಲ್ಲ. ಇದೇ ಮಾತನ್ನು ಅರವತ್ತರ ದಶಕದಲ್ಲಿ ಇದೇ ಊರಿನ ಇನ್ನೊಬ್ಬ ಡಾಕ್ಟರು ನಮ್ಮಪ್ಪನಿಗೆ ಹೇಳಿದ್ದರು. ಆ ಮಾತಿನಂತೆ ನಡೆಯಲು ಅಪ್ಪನನ್ನು ಬಿಡದಿದ್ದವರ ಮೇಲೆ ನನ್ನ ಸಿಟ್ಟು. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಅಪ್ಪ ಟಿಕೋಟದಲ್ಲಿ ಪೋಸ್ಟಮನ್ ಆಗಿದ್ದ. ನಮ್ಮ ಕೇರಿಯಲ್ಲಿ ಸರ್ಕಾರದ ಪಗಾರ ಕಂಡ ಮೊದಲ ಮನುಷ್ಯ ಅವನೇ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ; ಅಕ್ಷರ ಎಷ್ಟು ದುಂಡಗಿದ್ದವೆಂದರೆ ಸಾಲಿಯ ಮಾಸ್ತರರೇ ಅವನ ಕೈಯಲ್ಲಿ ಅರ್ಜಿ ಬರೆಸಿಕೊಳ್ಳುತ್ತಿದ್ದರು. ಐವತ್ತರ ದಶಕದ ಕೊನೆಗೆ ಅವನೂ ಅವ್ವನೂ ಬೌದ್ಧ ದೀಕ್ಷೆ ತೆಗೆದುಕೊಂಡರು. ಅವತ್ತು ಗೋಡೆಗೆ ಬುದ್ಧನ ಪಟ ಹೊಡೆಯುತ್ತ, ಇನ್ನು ಯಾರ ಮುಂದೂ ಬಗ್ಗುವುದಿಲ್ಲ ಎಂದು ಅಪ್ಪ ಹೇಳಿದ್ದ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಅಪ್ಪ ಹೇಳಿದ್ದೆಲ್ಲ ನಿಜ ಎಂದು ನಂಬುವ ವಯಸ್ಸು. ಮನೆಯಲ್ಲಿ ಅವನು ಬಗ್ಗಲಿಲ್ಲ, ಪೋಸ್ಟಿನಲ್ಲೂ ಬಗ್ಗಲಿಲ್ಲ. ಹಳ್ಳಿಗಳಲ್ಲಿ ಬಗ್ಗುತ್ತಿದ್ದ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ದಿನಕ್ಕೆ ಎಂಟು ಹತ್ತು ಮೈಲಿ ನಡೆಯಬೇಕಾದ ನೌಕರಿ. ಟಿಕೋಟದಿಂದ ಕಳ್ಳಕವಟಗಿಯ ದಿಕ್ಕಿಗೆ ಹೋದರೆ ಒಂದು ದಿನ, ಇನ್ನೊಂದು ದಿಕ್ಕಿಗೆ ಇನ್ನೊಂದು ದಿನ. ಕಾಲು ಕೆಡದೆ ಇದ್ದೀತೇ? ಕಿರುಬೆರಳಿನ ಬುಡದಲ್ಲಿ ಆಣಿ. ಅದನ್ನು ಅಪ್ಪ ಹಳೆಯ ಬ್ಲೇಡಿನಲ್ಲಿ ಹೆರೆದುಕೊಳ್ಳುತ್ತಿದ್ದ, ಅದು ಮತ್ತೆ ಬೆಳೆಯುತ್ತಿತ್ತು. ಹಿಮ್ಮಡಿ ಬಿರುಕು ಬಿಟ್ಟರೆ ಮೇಣ ಕಾಸಿ ತುಂಬುವುದು, ನೋವಾದರೆ ಕಾದ ಇಟ್ಟಿಗೆಗೆ ಎಕ್ಕೆಯೆಲೆ ಹಾಸಿ ಅದರ ಮೇಲೆ ಕಾಲಿಡುವುದು. ಊರಿಗೆಲ್ಲ ಇದೇ ಮದ್ದು, ನಮಗೂ ಇದೇ.

ಒಂದು ಸಂಜೆ ಅಪ್ಪ ಬಂದು ಕಾಲು ಚಾಚಿ ಕೂತಾಗ ಅವ್ವ ಅವನ ಅಂಗಾಲು ನೋಡಿ ಗಾಬರಿಯಾದಳು. ಜಾಲಿಮುಳ್ಳು ಅರ್ಧ ಬೆರಳಿನಷ್ಟು ಒಳಗೆ ಹೋಗಿ ಅಲ್ಲೇ ಮುರಿದಿತ್ತು. ಅವ್ವ ಸೂಜಿಯಿಂದ ಕೆದಕಿ ತೆಗೆಯುವಾಗ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ, ಅಪ್ಪ ಮಾತ್ರ ಅವತ್ತಿನ ಸುದ್ದಿ ಹೇಳುತ್ತಲೇ ಇದ್ದ. ಯಾವಾಗ ಚುಚ್ಚಿತು ಅಂದರೆ ಗೊತ್ತೇ ಇಲ್ಲ ಎಂದ. ಅದಕ್ಕೂ ಮೊದಲೇ ಅವನಿಗೆ ನೀರಡಿಕೆ ಹೆಚ್ಚಾಗಿತ್ತು, ಅವನು ಉಚ್ಚೆ ಹೊಯ್ದ ಬಚ್ಚಲಿಗೆ ಇರುವೆ ಮುತ್ತುತ್ತಿದ್ದವು. ಅವ್ವ ಹಟ ಹಿಡಿದಳು. ನಾವು ಮೂವರೂ ಬಸ್ಸು ಹತ್ತಿ ವಿಜಾಪುರಕ್ಕೆ ಹೋದೆವು. ಆಗ ಯಾರೂ ವಿಜಯಪುರ ಅನ್ನುತ್ತಿರಲಿಲ್ಲ.

ಡಾಕ್ಟರ ಬಾಗಿಲಲ್ಲಿ ಒಂದು ಫಲಕ ಇತ್ತು: ಚಪ್ಪಲಿ ಹೊರಗೆ ಬಿಡಬೇಕು. ಎಲ್ಲರೂ ಬಿಟ್ಟೇ ಹೋಗುತ್ತಿದ್ದರು. ಒಳಗೆ ಡಾಕ್ಟರ ಕಾಲಲ್ಲಿ ಮಿರಮಿರ ಮಿಂಚುವ ಬೂಟು. ಅಪ್ಪನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ನೀಲಿ ನೀರಿನ ಜೊತೆ ಕಾಯಿಸಿದರು. ನೀಲಿ ಹೋಗಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ರೋಗ ಎಂದರು. ಆಮೇಲೆ ಅಪ್ಪನ ಕಣ್ಣು ಮುಚ್ಚಿಸಿ, ಪಾದಕ್ಕೆ ಅಲ್ಲಲ್ಲಿ ಹತ್ತಿ ಮುಟ್ಟಿಸಿ, ಸೂಜಿಯ ಮೊನೆ ಮುಟ್ಟಿಸಿ, ಎಲ್ಲಿ ಮುಟ್ಟಿದೆ ಹೇಳು ಅಂದರು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಇನ್ನೂ ಮುಟ್ಟಿಲ್ರಿ ಸಾಹೇಬ್ರ" ಎಂದ. ಸೂಜಿ ಮುಟ್ಟಿದ ಜಾಗದಲ್ಲಿ ರಕ್ತದ ಒಂದು ಹನಿ ಕೂತಿತ್ತು.

ಡಾಕ್ಟರು ತಿಳಿದವರೇ. ಅದನ್ನು ಇಲ್ಲ ಅನ್ನುವುದಿಲ್ಲ. ಅವ್ವ ಬೆಳಗಾದರೆ ಕೂಲಿಗೆ ಹೋಗುವವಳು ಎಂದು ತಿಳಿದ ಮೇಲೆ ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಒಂದೊಂದಾಗಿ ಹೇಳಿದರು. ದಿನಾ ಹೊತ್ತು ಮುಳುಗುವ ಮೊದಲು, ಬೆಳಕಿರುವಾಗಲೇ ಎರಡೂ ಅಂಗಾಲು ನೋಡಬೇಕು. ಬೆರಳ ಸಂದಿ ಬಿಡಿಸಿ ನೋಡಬೇಕು. ತೊಳೆಯುವ ನೀರಿನ ಬಿಸಿಯನ್ನು ನಾನೇ ಕೈಯಿಟ್ಟು ನೋಡಬೇಕು, ಅವನ ಕಾಲಿನ ಮಾತು ಕೇಳಬಾರದು. ತೊಳೆದ ಮೇಲೆ ಸಂದಿಯಲ್ಲಿ ಪಸೆ ಉಳಿಯದ ಹಾಗೆ ಒರೆಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಕೆದಕಬಾರದು. ಆಣಿಯನ್ನು ಬ್ಲೇಡಿನಿಂದ ಹೆರೆಯಬಾರದು, ಅದನ್ನು ಅವರೇ ನೋಡಿಕೊಳ್ಳುತ್ತಾರೆ. ಕಾದ ಇಟ್ಟಿಗೆಯ ಹೆಸರೇ ಎತ್ತಬಾರದು. ಎಲ್ಲಕ್ಕಿಂತ ದೊಡ್ಡದು, ಬರಿಗಾಲಲ್ಲಿ ಒಂದು ಹೆಜ್ಜೆ ಕೂಡ ನಡೆಯಬಾರದು. ನೋವು ಅನ್ನುವುದು ಕಾಲಿನ ಕಾವಲುಗಾರ, ನಿಮ್ಮಪ್ಪನಿಗೆ ಅವನು ಇಲ್ಲ, ಇನ್ನು ಮೇಲೆ ನೀನೇ ಕಾವಲು ಎಂದರು. ಎಷ್ಟು ಹೆಮ್ಮೆಯಾಯಿತೆಂದರೆ ಬಸ್ಸಿನಲ್ಲಿ ಬರುವಾಗ ನಾನು ಅದನ್ನೇ ಬಾಯಿಪಾಠ ಮಾಡುತ್ತಿದ್ದೆ.

ಚಪ್ಪಲಿಯನ್ನೂ ಡಾಕ್ಟರು ಹೇಳಿದ ಹಾಗೆಯೇ ಮಾಡಿಸಿದೆವು. ವಿಜಾಪುರದ ಪೇಟೆಯಲ್ಲಿ ಅಪ್ಪನ ಗುರುತಿನ ಒಬ್ಬ ಮುದುಕ ಚಪ್ಪಲಿ ಹೊಲಿಯುತ್ತಿದ್ದ. ಮೊಳೆ ಹೊಡೆದರೆ ಮುಂದೊಂದು ದಿನ ಒಳಗೆ ಎದ್ದು ಕಾಲಿಗೆ ಚುಚ್ಚುತ್ತದೆ ಎಂದು ಒಂದೇ ಒಂದು ಮೊಳೆಯಿಲ್ಲದೆ ಬರೀ ಹೊಲಿಗೆಯಲ್ಲಿ ಮಾಡಿಕೊಟ್ಟ. ಕೆಳಗೆ ಲಾರಿಯ ಟೈರು, ಒಳಗೆ ಮೆತ್ತನೆಯ ರಬ್ಬರು, ಹಿಮ್ಮಡಿಯ ಹಿಂದೆ ಬಕ್ಕಲ್ ಇರುವ ಪಟ್ಟಿ. ಕಾಲಿನಿಂದ ಜಾರಿದರೂ ಅಪ್ಪನಿಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಆ ಪಟ್ಟಿ. ಬೆಳಿಗ್ಗೆ ಒಳಗೆ ಕಲ್ಲು ಮುಳ್ಳು ಇಲ್ಲವೆಂದು ಕೈಯಾಡಿಸಿ ನೋಡಿ ಬಕ್ಕಲ್ ಹಾಕುತ್ತಿದ್ದವಳು ನಾನು. ಸಂಜೆ ಅಂಗಾಲು ನೋಡುತ್ತಿದ್ದವಳೂ ನಾನು. ಒಂದು ವರ್ಷ ಸಣ್ಣಪುಟ್ಟ ಗೀರು ಬಿಟ್ಟರೆ ಏನೂ ಆಗಲಿಲ್ಲ. ಗೀರು ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನನಗಿರಲಿಲ್ಲ.

ಮರುವರ್ಷ ಬೇಸಿಗೆಯ ಸೂಟಿಯಲ್ಲಿ ಅಪ್ಪನ ಜೊತೆ ನಾನೂ ಟಪಾಲಿಗೆ ಹೋದೆ. ಆ ಊರಿನ ಹೆಸರು ಬರೆಯುವುದಿಲ್ಲ. ಊರಿಗೆ ಹೆದರಿ ಅಲ್ಲ. ಆ ಊರಿನ ಮಕ್ಕಳಿಗೂ ನಾನು ಮುಂದೆ ಅಕ್ಷರ ಕಲಿಸಿದ್ದೇನೆ, ಅವರ ಮುಖ ನೋಡಿ ಬಿಡುತ್ತಿದ್ದೇನೆ. ಊರಿನ ಬಾಯಿಗೆ ಒಂದು ಬೇವಿನ ಮರ. ಅದರ ಬುಡಕ್ಕೆ ಬಂದ ಕೂಡಲೇ ಅಪ್ಪ ಒಂದು ಕಾಲು ಎತ್ತಿ ಬಕ್ಕಲ್ ಬಿಚ್ಚಿದ. ಆಮೇಲೆ ಇನ್ನೊಂದು. ಎರಡೂ ಚಪ್ಪಲಿಗಳನ್ನು ಟಪಾಲು ಚೀಲದ ಹಿಂದೆ ಸಿಕ್ಕಿಸಿಕೊಂಡ. ಕೈ ಎಷ್ಟು ಸಲೀಸಾಗಿ ಆಡಿತೆಂದರೆ ಇದು ದಿನದ ಕೆಲಸ ಎಂದು ನನಗೆ ತಿಳಿದುಹೋಯಿತು.

"ಯಪ್ಪಾ, ಡಾಕ್ಟರು ಏನ್ ಹೇಳ್ಯಾರ?" ಎಂದೆ.

"ಡಾಕ್ಟರು ಈ ಊರಾಗ ಟಪಾಲ ಹಂಚೂದಿಲ್ಲವ್ವಾ" ಎಂದ ಅಪ್ಪ.

ನಮ್ಮವರು ಆ ಊರಿನ ಚಾವಡಿಯ ಮುಂದೆ, ಗೌಡರ ವಾಡೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿರಲಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಅಂಥದ್ದಕ್ಕೆಲ್ಲ ಕಾನೂನು ಬಂದು ವರ್ಷಗಳಾಗಿದ್ದವು ಎಂದು ಸಾಲಿಯಲ್ಲಿ ಓದಿದ್ದೆ. ಅಪ್ಪ ಖಾಕಿ ಅಂಗಿ ಹಾಕಿದ್ದ, ಸರ್ಕಾರದ ಚೀಲ ಹೊತ್ತಿದ್ದ, ಆದರೂ ಕಾಲು ಮಾತ್ರ ಆ ಊರಿನವರದ್ದು. ನಾನು ಹೇಗೂ ಬರಿಗಾಲಲ್ಲೇ ಇದ್ದೆ, ನನಗೆ ಬಿಚ್ಚುವ ಕಷ್ಟ ಇರಲಿಲ್ಲ.

ವಾಡೆಯ ಮುಂದಿನ ಅಂಗಳಕ್ಕೆಲ್ಲ ಕರಿಯ ಫರಸಿಕಲ್ಲು ಹಾಸಿದ್ದರು. ಬಿಸಿಲು ನಡುನೆತ್ತಿಗೆ ಬಂದಿತ್ತು. ಕಟ್ಟೆಯ ಮೇಲೆ ನೆರಳಿನಲ್ಲಿ ಗೌಡರ ತಾಯಿ ಕೂತಿದ್ದಳು. ಸೊಲ್ಲಾಪುರದಲ್ಲಿದ್ದ ಕಿರಿಯ ಮಗ ಬರೆದ ಕಾಗದ ಬಂದಿತ್ತು. ಮುದುಕಿಗೆ ಓದಲು ಬರುವುದಿಲ್ಲ. ಅಪ್ಪ ಓದಿ ಹೇಳಬೇಕು. ಅದೂ ಕಟ್ಟೆ ಹತ್ತುವ ಹಾಗಿಲ್ಲ, ಫರಸಿಯ ಮೇಲೆ ನಿಂತೇ ಓದಬೇಕು. ಅವರ ಮನೆಯ ಗುಟ್ಟನ್ನೆಲ್ಲ ಓದಲು ಬೇಕಾದ ಕಣ್ಣು ನಮ್ಮಪ್ಪನದು, ನಾಲಿಗೆ ನಮ್ಮಪ್ಪನದು. ಕಾಲಿಗೆ ಮಾತ್ರ ಒಂದು ಗೇಣು ನೆರಳಿಲ್ಲ.

ಉದ್ದನೆಯ ಕಾಗದ. ಸೊಸೆ ಗಂಡು ಹಡೆದದ್ದು, ಮಗು ಯಾರನ್ನು ಹೋಲುತ್ತದೆ, ಕುಲಾಯಿ ಯಾರು ಕಳಿಸಿದರು, ಎಲ್ಲ ಇತ್ತು. ಅಪ್ಪ ಓದಿದ. ಮುದುಕಿ ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿಸಿದಳು. ಅಷ್ಟರಲ್ಲಿ ಹೊಲದಿಂದ ಗೌಡರು ಬಂದರು, ಅವರಿಗಾಗಿ ಮೂರನೆಯ ಸಲ. ಬಾಗಿಲ ಹಿಂದೆ ನಿಂತ ಹೆಣ್ಣುಮಕ್ಕಳಿಗೆ ಮಗುವಿನ ಮಾತಷ್ಟು ಮತ್ತೊಮ್ಮೆ. ನನ್ನ ಕಾಲು ಸುಡುತ್ತಿತ್ತು. ನಾನು ಒಂದು ಕಾಲು ಎತ್ತಿ ಇನ್ನೊಂದು ಇಡುತ್ತ ನಿಂತಲ್ಲೇ ಕುಣಿಯುತ್ತಿದ್ದೆ. ಅಪ್ಪ ಮಾತ್ರ ಅಲುಗಾಡದೆ ನಿಂತಿದ್ದ. ಮುದುಕಿ ನನ್ನನ್ನು ನೋಡಿ ನಕ್ಕಳು.

"ಯಾಕ ಕುಣೀತಿ ಬೇ? ನಿಮ್ಮಪ್ಪನ್ನ ನೋಡಿ ಕಲಿ, ಹೆಂಗ ನಿಂತಾನ."

ನಾನು ನೋಡಿದೆ. ಖಾಕಿ ಟೊಪ್ಪಿಗೆಯ ಕೆಳಗೆ ಬೆವರು ಇಳಿಯುತ್ತಿತ್ತು, ದನಿ ಸ್ವಲ್ಪವೂ ನಡುಗದೆ ಕಾಗದ ಓದುತ್ತಿದ್ದ. ನಮ್ಮಪ್ಪ ಎಷ್ಟು ಗಟ್ಟಿಗ ಅಂದುಕೊಂಡೆ. ಹೌದು, ಹೆಮ್ಮೆಪಟ್ಟೆ. ಡಾಕ್ಟರು ಕಾವಲಿಗೆ ಇಟ್ಟ ಹುಡುಗಿ ನಾನು. ಸೂಜಿ ಚುಚ್ಚಿದ್ದು ತಿಳಿಯದ ಕಾಲಿಗೆ ಕಾದ ಕಲ್ಲು ಹೇಗೆ ತಿಳಿದೀತು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮುದುಕಿಯ ಮೇಲೆ ಸಿಟ್ಟಾಗುವಾಗೆಲ್ಲ ಈ ನೆನಪು ಬಂದು ನನ್ನ ಬಾಯಿ ಮುಚ್ಚಿಸುತ್ತದೆ, ಆಮೇಲೆ ನನ್ನ ಮೇಲಿನ ಸಿಟ್ಟೂ ಸೇರಿ ಇಮ್ಮಡಿಯಾಗುತ್ತದೆ.

ಸಂಜೆ ಮನೆಯಲ್ಲಿ ಅಂಗಾಲು ನೋಡಿದೆ. ಎಡಗಾಲಿನ ಅಡಿ ಪೂರ್ತಿ ಒಂದೇ ಬೊಬ್ಬೆ. ಚರ್ಮ ಸಡಿಲಾಗಿ ಒಳಗೆ ನೀರು ತುಳುಕುತ್ತಿತ್ತು. ಬಲಗಾಲಿನಲ್ಲಿ ಹಿಮ್ಮಡಿಯಷ್ಟೇ ಎದ್ದಿತ್ತು. ನಾನು ಕಿರುಚಿಕೊಂಡೆ. ಅಪ್ಪ ನನ್ನ ಮುಖ ನೋಡಿ ಏನಾಯಿತು ಎಂದು ನನ್ನನ್ನೇ ಕೇಳಿದ. ಅವ್ವ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಅಪ್ಪ ಮರುದಿನವೂ ಟಪಾಲಿಗೆ ಹೋದ, ಅದರ ಮರುದಿನವೂ. ಹತ್ತನೆಯ ದಿನಕ್ಕೆ ಕಾಲು ಕುಂಬಳಕಾಯಿಯಷ್ಟು ಊದಿ, ಹೆಬ್ಬೆರಳು ಕಪ್ಪಾಗಿ, ಮೈಗೆ ಚಳಿಜ್ವರ ಬಂತು.

ವಿಜಾಪುರದಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ ಕೆಂಡಾಮಂಡಲವಾದರು. ಚಪ್ಪಲಿ ಎಲ್ಲಿ ಎಂದು ಕೇಳಿದರು. ಅಪ್ಪ ತಲೆ ತಗ್ಗಿಸಿ, "ಹಳ್ಳ ದಾಟೂಮುಂದ ಕೊಚ್ಚಿಕೊಂಡ ಹೋದೂವ್ರಿ ಸಾಹೇಬ್ರ" ಎಂದ.

ನಡುಬೇಸಿಗೆಯಲ್ಲಿ ನಮ್ಮ ಕಡೆಯ ಯಾವ ಹಳ್ಳದಲ್ಲಿ ನೀರಿರುತ್ತದೆ? ಪೇಟೆಯ ಡಾಕ್ಟರಿಗೆ ಅದೂ ತಿಳಿಯಲಿಲ್ಲ. ಚಪ್ಪಲಿ ಎರಡೂ ಅವ್ವನ ಕೈಚೀಲದಲ್ಲೇ ಇದ್ದವು. ಆ ಊರವರು ತನ್ನ ಚಪ್ಪಲಿ ಬಿಚ್ಚಿಸುತ್ತಾರೆ ಎಂದು ಹೇಳುವುದಕ್ಕಿಂತ ತಾನು ಬೇಜವಾಬ್ದಾರಿ ಮನುಷ್ಯ ಅನ್ನಿಸಿಕೊಳ್ಳುವುದು ಅಪ್ಪನಿಗೆ ಹಗುರವಾಗಿ ಕಂಡಿತು. ನಾನು ಬಾಯಿ ತೆರೆದೆ, ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ. ಈ ಮಂದಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಡಾಕ್ಟರು ಕಂಪೌಂಡರನಿಗೆ ಹೇಳಿ, ದೊಡ್ಡ ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ನನ್ನಲ್ಲಿ ಉಳಿದಿತ್ತು. ಇಂಗ್ಲಿಷು ಬಂದ ಮೇಲೆ ಓದಿದೆ. ರೋಗಿ ಹೇಳಿದ ಮಾತು ಕೇಳುವುದಿಲ್ಲ, ಪಾದರಕ್ಷೆ ಬಳಸುವುದಿಲ್ಲ ಎಂದಿತ್ತು. ಯಾರು ಬಳಸಗೊಡುವುದಿಲ್ಲ ಎಂಬುದಕ್ಕೆ ಚೀಟಿಯಲ್ಲಿ ಜಾಗ ಇರಲಿಲ್ಲ. ಕೇಳುವುದಕ್ಕೆ ಡಾಕ್ಟರಿಗೆ ಪುರಸತ್ತೂ ಇರಲಿಲ್ಲ. ಒಂದು ಮಾತು, ಯಾಕೆ ಬಿಚ್ಚಿದೆ ಎಂಬ ಒಂದೇ ಮಾತು ಕೇಳಿದ್ದರೆ!

ಮೊದಲು ಹೆಬ್ಬೆರಳು ತೆಗೆದರು. ವಾರ ಬಿಟ್ಟು ಪಾದ. ಕೊಳೆಯುವುದು ನಿಲ್ಲಲಿಲ್ಲ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಬಲಗಾಲಿನ ಹಿಮ್ಮಡಿ ಮಾತ್ರ ಮಾಯ್ದಿತು. ಮನೆಗೆ ಕಳಿಸುವ ದಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಇಷ್ಟು: ಇನ್ನು ಮೈಯ ಭಾರವೆಲ್ಲ ಒಂದೇ ಕಾಲಿನ ಮೇಲೆ, ಇದಕ್ಕೆ ಒಂದು ಗಾಯವಾದರೆ ಇದೂ ಹೋಗುತ್ತದೆ, ಆಮೇಲೆ ಮನುಷ್ಯ ಉಳಿಯುವುದಿಲ್ಲ. ನಾನು ಆ ಮಾತನ್ನು ಬಾಯಿಪಾಠ ಮಾಡಲಿಲ್ಲ. ಮಾಡುವ ಅಗತ್ಯ ಇರಲಿಲ್ಲ.

ಅಪ್ಪನ ನೌಕರಿ ಹೋಗಲಿಲ್ಲ. ಬಬಲೇಶ್ವರದ ಪೋಸ್ಟಿನಲ್ಲಿ ಕೂತು ಕಾಗದಗಳಿಗೆ ಸಿಕ್ಕೆ ಹೊಡೆಯುವ ಕೆಲಸ ಕೊಟ್ಟರು. ಅಲ್ಲಿಗೆ ಹೋಗುವ ಮೊದಲು ಹಳ್ಳಿಗಳ ಮನೆಗಳನ್ನು ಹೊಸ ಪೋಸ್ಟಮನ್‌ಗೆ ತೋರಿಸಿಕೊಡಬೇಕಿತ್ತು, ಮನೆಗಳಿಗೆ ನಂಬರು ಗಿಂಬರು ಏನೂ ಇರಲಿಲ್ಲವಲ್ಲ. ಪರಿಚಯದವರ ಚಕ್ಕಡಿಯಲ್ಲಿ ಅಪ್ಪ, ನಾನು, ಆ ಹೊಸಬ ಮೂವರೂ ಹೋದೆವು. ಬೇವಿನ ಮರದ ಹತ್ತಿರ ಇಳಿದೆವು. ಹೊಸಬ ಮೇಲಿನ ಕೇರಿಯವ, ಚಪ್ಪಲಿಯನ್ನು ಕಿರ್ರೆನ್ನಿಸುತ್ತ ಮುಂದೆ ನಡೆದ. ಅಪ್ಪ ಬಗಲಲ್ಲಿ ಕೋಲು ಊರಿಕೊಂಡು ನಿಂತೇ ಇದ್ದ.

"ಅದನ್ನ ಬಿಚ್ಚವ್ವಾ" ಎಂದ.

ಅವನ ಕಾಲ ಬುಡದಲ್ಲಿ ಕೂತೆ. ಬಕ್ಕಲನ್ನು ಇನ್ನೊಂದು ತೂತು ಬಿಗಿಮಾಡಿ ಎದ್ದೆ.

"ನಾ ಬಿಚ್ಚೂದಿಲ್ಲ. ಬೇಕಂದ್ರ ನೀನ ಬಗ್ಗಿ ಬಿಚ್ಚಕೋ."

ಬಗ್ಗಿದರೆ ಬೀಳುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. ಅಪ್ಪನಿಗೆ ನಾನು ಅಂಥ ಮಾತನ್ನು ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಅವನು ಬಹಳ ಹೊತ್ತು ಊರಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಕೋಲನ್ನು ಮುಂದಿಟ್ಟ. ಚಾವಡಿ ದಾಟುವಾಗ ಅಲ್ಲಿದ್ದವರ ಮಾತು ನಿಂತಿತು. ಯಾರಾದರೂ ಏನಾದರೂ ಅಂದರೆ ಏನು ಹೇಳಬೇಕೆಂದು ನಾನು ತಿಂಗಳುಗಟ್ಟಲೆ ಕೂಡಿಸಿಟ್ಟುಕೊಂಡಿದ್ದೆ. ಕಾನೂನಿನ ಹೆಸರು ಹೇಳುವುದಿತ್ತು, ಫೌಜದಾರನ ಹೆಸರು ಹೇಳುವುದಿತ್ತು, ಮೂರು ಸಲ ಓದಿಸಿದ ಕಾಗದದ ಸುದ್ದಿ ಹೇಳುವುದಿತ್ತು.

ವಾಡೆಯ ಕಟ್ಟೆಯ ಮೇಲೆ ಗೌಡರೂ ಅವರ ತಾಯಿಯೂ ಇದ್ದರು. ಗೌಡರ ಕಣ್ಣು ಮೊದಲು ಹೋದದ್ದು ಚಪ್ಪಲಿಗೆ. ಅವರು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಅಪ್ಪನ ಮಡಚಿ ಕಟ್ಟಿದ ಧೋತರದ ತುದಿಯನ್ನು ನೋಡಿ ಚುಚ್ ಚುಚ್ ಎಂದಳು. "ಇರಲಿ ಬಿಡೋ, ಪಾಪ, ಕಾಲ ಹೋದಾವ ಅದಾನ. ಹಾಕ್ಕೊಂಡ ಬರಲಿ" ಎಂದು ಮಗನಿಗೆ ಹೇಳಿದಳು.

ಅಪ್ಪ ಕೋಲನ್ನು ಬಗಲಲ್ಲಿ ಒತ್ತಿ ಹಿಡಿದು ಎರಡೂ ಕೈ ಮುಗಿದ. "ನಿಮ್ಮ ಉಪಕಾರ ಆತ್ರೀ ಅವ್ವಾರ" ಎಂದ.

ಕೂಡಿಸಿಟ್ಟುಕೊಂಡ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಬೈದಿದ್ದರೆ, ಹೊಡೆಯಲು ಬಂದಿದ್ದರೆ ಎದುರಾಡಬಹುದಿತ್ತು. ಕನಿಕರಪಟ್ಟು ಅಪ್ಪಣೆ ಕೊಟ್ಟರೆ ಹದಿನೈದರ ಹುಡುಗಿ ಏನು ಮಾಡಬೇಕು? ಎರಡು ಕಾಲಿದ್ದಾಗ ಸಿಗದ ಅಪ್ಪಣೆ ಒಂದು ಕಾಲು ಕೊಟ್ಟ ಮೇಲೆ ಸಿಕ್ಕಿತು. ಅದಕ್ಕೆ ನಮ್ಮಪ್ಪ ಕೈ ಮುಗಿದ. ಚಕ್ಕಡಿಯಲ್ಲಿ ವಾಪಸು ಬರುವಾಗ ಯಾಕೆ ಮುಗಿದೆ ಎಂದು ಕೇಳಿದೆ. ಉಳಿದ ಕಾಲನ್ನು ಉಳಿಸಿಕೊಳ್ಳಬೇಕಲ್ಲವ್ವಾ ಎಂದ.

ಬಬಲೇಶ್ವರದಲ್ಲಿ ಅಪ್ಪ ಹದಿನಾಲ್ಕು ವರ್ಷ ಬದುಕಿದ. ಪೋಸ್ಟಿನ ಒಳಗೆ, ಹೊರಗೆ, ಸಂತೆಯಲ್ಲಿ, ಎಲ್ಲಿ ಹೋದರೂ ಆ ಒಂದು ಚಪ್ಪಲಿ ಬಿಚ್ಚುತ್ತಿರಲಿಲ್ಲ. ನಾನಿದ್ದ ದಿನಗಳಲ್ಲಿ ನಾನು, ನಾನು ನೌಕರಿಗೆ ಸೇರಿದ ಮೇಲೆ ಅವ್ವ, ಸಂಜೆಯ ಬೆಳಕಿನಲ್ಲಿ ಅಂಗಾಲು ನೋಡುತ್ತಿದ್ದೆವು. ಆಣಿ ಎದ್ದರೆ ವಿಜಾಪುರಕ್ಕೆ ಹೋಗಿ ತೆಗೆಸಿಕೊಂಡು ಬರುತ್ತಿದ್ದ. ಅವನು ತೀರಿಕೊಂಡ ದಿನ ಮೈ ತೊಳೆಯುವಾಗ ಆ ಪಾದವನ್ನು ಕೊನೆಯ ಸಲ ತಿರುಗಿಸಿ ನೋಡಿದವಳು ನಾನೇ. ಒಂದು ಗಾಯ ಇರಲಿಲ್ಲ, ಹಿಮ್ಮಡಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಅಂದರೆ ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು. ಚಪ್ಪಲಿಯೊಂದು ಇದ್ದರೆ ಸಾಕಿತ್ತು. ಇನ್ನೊಂದೂ ಹೀಗೆಯೇ ಉಳಿಯುತ್ತಿತ್ತು.